ನೊಣ ಓಡಿಸುತ್ತ ಕೂತವರು

ಮೇಷ್ಟ್ರು ಹೋದ ಸುದ್ದಿ ನನಗೆ ಫೋನಿನಲ್ಲಿ ಬಂತು. ಮಾಗಡಿ ಕಾಲೇಜಿನ ಹಳಬರೆಲ್ಲ ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೊ ಹಾಕಿದ್ದರು. ಕೆಳಗೆ ಕೈಮುಗಿದ ಗುರುತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಫೋಟೊದಲ್ಲಿ ಅವರ ಕಣ್ಣು ಅರ್ಧ ಮುಚ್ಚಿತ್ತು. ಗುಂಪಿಗೆ ಈಚೆಗೆ ಸೇರಿದವರೊಬ್ಬರು, ಇದಕ್ಕಿಂತ ಒಳ್ಳೆಯ ಫೋಟೊ ಯಾರ ಹತ್ತಿರವೂ ಇಲ್ಲವೇ ಎಂದು ಕೇಳಿದರು. ಪಾಪ, ಅವರಿಗೆ ಗೊತ್ತಿಲ್ಲ. ಮೇಷ್ಟ್ರ ಕಣ್ಣು ಯಾವತ್ತೂ ಅಷ್ಟೇ ತೆರೆದಿರುತ್ತಿತ್ತು.

ಮನೆಯ ಜಗಲಿಯ ಮೇಲೆ ಆ ಫೋಟೊ ನೋಡುತ್ತ ತುಂಬ ಹೊತ್ತು ಕೂತಿದ್ದೆ. ಅಳು ಬರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಯಾರೋ ನಿಧಾನವಾಗಿ ಮಾತಾಡುತ್ತಿದ್ದಾರೆ, ನಾನು ತೂಕಡಿಸುತ್ತ ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಅವರ ನೆನಪು ಬಂದಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಹಗಲಿನಲ್ಲೇ ನಿದ್ದೆಯ ಅಂಚಿಗೆ ಹೋಗಿ ನಿಲ್ಲುತ್ತೇನೆ, ಅಲ್ಲಿ ಒಂದು ಬಸ್ ಸ್ಟಾಂಡು, ಕಲ್ಲುಬೆಂಚು, ಸಂಜೆಯ ಬೆಳಕು, ಕುರಿಯ ಉಣ್ಣೆಯ ವಾಸನೆ.

ನಾವಿಬ್ಬರೂ ಮಾಗಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ಅವರು ಇಂಗ್ಲಿಷ್, ನಾನು ಕನ್ನಡ. ಅವರು ತಿಪ್ಪಸಂದ್ರದ ಕಡೆಯವರು, ಕುರಿ ಸಾಕುವ ಮನೆತನ. ಎಂ.ಎ. ಮಾಡಿ ಕೆಲಸಕ್ಕೆ ಸೇರಿದ ಮೇಲೂ ಮನೆಯಲ್ಲಿ ಕುರಿಹಟ್ಟಿ ಹಾಗೇ ಇತ್ತು, ಹೆಂಡತಿ ನೋಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮೇಷ್ಟ್ರು ಹಾಕಿಕೊಂಡು ಬರುತ್ತಿದ್ದ ಸ್ವೆಟರಿಗೆ ಹಟ್ಟಿಯ ವಾಸನೆ ಇರುತ್ತಿತ್ತು. ಅವರು ಸ್ಟಾಫ್ ರೂಮಿಗೆ ಬಂದು ಕೂತರೆ ಎಕನಾಮಿಕ್ಸಿನವರು ಎದ್ದು ಹೋಗಿ ಕಿಟಕಿ ತೆಗೆಯುತ್ತಿದ್ದರು. ಮೇಷ್ಟ್ರು ತಲೆಯೆತ್ತಿ, ಥ್ಯಾಂಕ್ಸ್ ಸಾರ್, ಗಾಳಿ ಬೇಕಾಗಿತ್ತು ಎನ್ನುತ್ತಿದ್ದರು. ಅದು ಕುಟುಕೋ ಮುಗ್ಧತೆಯೋ ಎಂದು ಎಕನಾಮಿಕ್ಸಿನವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ ಬಿಡಿ.

ಪಾಠ ಮಾಡುತ್ತ ಮಾಡುತ್ತ ಅವರು ಸುಮ್ಮನಾಗಿಬಿಡುತ್ತಿದ್ದರು. ಕಿಟಕಿಯಾಚೆ, ತೆಂಗಿನ ತೋಟಗಳ ಮೇಲೆ, ದೂರದ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಅದನ್ನೇ ನೋಡುತ್ತ ನಿಲ್ಲುವರು. ಬೇರೆಯವರ ಕ್ಲಾಸಿನಲ್ಲಿ ಇಷ್ಟು ಸಂದು ಸಿಕ್ಕರೆ ಹುಡುಗರು ಛಾವಣಿ ಹಾರಿಸುತ್ತಿದ್ದರು. ಇವರ ಕ್ಲಾಸಿನಲ್ಲಿ ಅವರೂ ಸುಮ್ಮನಿರುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಬಿಟ್ಟಲ್ಲಿಂದಲೇ, ಅದೇ ಕ್ರಿಯಾಪದದಿಂದಲೇ, ಮುಂದುವರಿಸುತ್ತಿದ್ದರು. ಹಗಲುಹೊತ್ತಿನಲ್ಲೇ ನಿದ್ದೆ ಮಾಡುತ್ತೀರಲ್ಲ ಸಾರ್ ಎಂದು ನಾನೊಮ್ಮೆ ರೇಗಿಸಿದ್ದೆ. ಕುರಿ ಕಾಯುವವನು ಕಣ್ಣು ಪೂರ್ತಿ ಬಿಟ್ಟರೆ ಸಂಜೆಯೊಳಗೆ ದಣಿಯುತ್ತಾನೆ, ಪೂರ್ತಿ ಮುಚ್ಚಿದರೆ ಒಂದು ಮರಿ ಕಡಿಮೆಯಾಗುತ್ತದೆ, ಅದಕ್ಕೇ ಈ ಅಭ್ಯಾಸ ಎಂದಿದ್ದರು.

ಅವರಿಗೆ ಚೆಂದದ ಪದಗಳ ಮೇಲೆ ಅಂಥ ಮೋಹವಿರಲಿಲ್ಲ. ಹೂವು, ಚಂದ್ರ, ಪ್ರೀತಿ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಸಿನಿಮಾ ನೋಡಿಯಾದರೂ ಹುಡುಗರು ಕಲಿಯುತ್ತಾರೆ ಎನ್ನುತ್ತಿದ್ದರು. ಅವರು ಕಲಿಸಲು ಕಾತರಿಸುತ್ತಿದ್ದುದು ಕೆಟ್ಟುಹೋದದ್ದಕ್ಕೆ ಇರುವ ಪದಗಳನ್ನು. ಅವರೆಕಾಳಿಗೆ ಹುಳು ಬಿದ್ದರೆ ಒಂದು ಪದ, ಕಂಬಳಿಗೆ ನುಸಿ ಹಿಡಿದರೆ ಬೇರೊಂದು, ಕೂತ ಬೆಂಚಿನ ಮರದಿಂದ ಹಿಟ್ಟು ಉದುರುತ್ತಿದ್ದರೆ ಅದಕ್ಕೇ ಮೀಸಲಾದ ಮತ್ತೊಂದು. ನಮ್ಮ ಹುಡುಗರು ಇಂಗ್ಲಿಷ್ ಅಂದರೆ ಬೆವರುವವರು. ಅವರ ಮನೆಯ ಮೂಲೆಯಲ್ಲಿ ಏನೇನು ಕೆಡುತ್ತದೋ ಅದಕ್ಕೆಲ್ಲ ಆ ದೊಡ್ಡ ಭಾಷೆಯಲ್ಲೂ ಹೆಸರುಂಟೆಂದು ಗೊತ್ತಾದಾಗ ಅವರ ಮುಖ ಬೇರೆಯಾಗುತ್ತಿತ್ತು. ಆ ಭಾಷೆಯವರ ಮನೆಯಲ್ಲೂ ಹುಳುಬಿದ್ದ ಕಾಳು ಇತ್ತಲ್ಲ ಎಂಬ ಸಮಾಧಾನವಿರಬೇಕು.

ಹೀಗೆ ಬಂದ ಪದವೇ ‘ಫ್ಲೈಬ್ಲೋನ್’. ಪಾಠದಲ್ಲಿ ಒಂದು ಹಳೆಯ ಹೋಟೆಲು ಬರುತ್ತಿತ್ತು, ಅದರ ಗೋಡೆಯಲ್ಲಿ ಒಂದು ಫ್ಲೈಬ್ಲೋನ್ ಕನ್ನಡಿ. ಆ ಹೊತ್ತಿಗೆ ನನ್ನ ಕ್ಲಾಸು ಪಕ್ಕದ ಕೋಣೆಯಲ್ಲಿತ್ತು. ನಡುವೆ ಇದ್ದದ್ದು ಹಲಗೆಯ ತಡಿಕೆ, ಅಲ್ಲಿಯ ಮಾತೆಲ್ಲ ಇಲ್ಲಿಗೆ ಕೇಳುತ್ತಿತ್ತು. ಪದದ ಅರ್ಥವೇನಿರಬಹುದು ಎಂದು ಮೇಷ್ಟ್ರು ಕೇಳಿದರು. ಒಬ್ಬ ಜಾಣ ಎದ್ದು, ನೊಣ ಊದಿರೋದು ಸಾರ್ ಎಂದ. ನೊಣ ಟೀ ಆರಿಸುವ ಹಾಗೆ ಕನ್ನಡಿಗೆ ಊದುತ್ತಿರುವುದನ್ನು ನೆನೆಸಿಕೊಂಡು ಆ ಕ್ಲಾಸಿನ ಜೊತೆ ನನ್ನ ಕ್ಲಾಸೂ ನಕ್ಕಿತು. ಇದಕ್ಕೂ ಗಾಳಿಗೂ ಸಂಬಂಧವಿಲ್ಲ, ನೊಣ ಮೊಟ್ಟೆಯಿಡುವುದನ್ನು ಹಿಂದೆ ಅವರು ಹೀಗೆ ಕರೆಯುತ್ತಿದ್ದರು ಎಂದು ಮೇಷ್ಟ್ರು ಹೇಳಿದರು. ಆಮೇಲೆ, ಯಾರ ಮನೆಯಲ್ಲಿ ಕುರಿ ಇದೆ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಕಾಲೇಜಿಗೆ ಬಂದ ಮೇಲೆ ಕುರಿಯ ವಿಷಯ ಹೇಳಿಕೊಳ್ಳಲು ನಮ್ಮ ಮಕ್ಕಳಿಗೆ ನಾಚಿಕೆ. ಆಗ ಅವರೇ ಮೊದಲು ಕೈ ಎತ್ತಿದರಂತೆ. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವಂತೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಹೇಳಿದ್ದು ನನಗೇ ಚೆನ್ನಾಗಿ ಕೇಳಿಸಿತು. ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಸಣ್ಣ ಗಾಯವಾಗುತ್ತದೆ, ನೊಣ ಬಂದು ಕೂತು ಹೋಗುತ್ತದೆ, ಸುತ್ತಲಿನ ಉಣ್ಣೆ ಮುಚ್ಚಿಕೊಂಡಿರುವುದರಿಂದ ನಮಗೆ ಕಾಣುವುದಿಲ್ಲ ಎಂದಳು. ಕುರಿಗೆ ಮಾತ್ರ ಗೊತ್ತಾಗುತ್ತದೆ, ಅದು ಮೇಯುವುದು ಬಿಟ್ಟು ಕಾಲು ಕುಟ್ಟುತ್ತದೆ, ಕತ್ತು ಹಿಂದಕ್ಕೆ ತಿರುಗಿಸಿ ತನ್ನನ್ನೇ ಕಚ್ಚಿಕೊಳ್ಳುತ್ತದೆ, ಮಂದೆ ಬಿಟ್ಟು ದೂರ ಹೋಗಿ ನಿಲ್ಲುತ್ತದೆ. ಹುಳು ಎದ್ದ ಮೇಲೆ ಹೇಳಲು ಬೇರೆ ಪದಗಳಿವೆ, ನೊಣ ಕೂತು ಹೋಗಿದೆ, ಹುಳು ಇನ್ನೂ ಎದ್ದಿಲ್ಲ, ಆ ಹೊತ್ತಿಗೆ ಈ ಪದ ಎಂದು ಮೇಷ್ಟ್ರು ಹೇಳಿದರು. ಇನ್ನೂ ಸಮಯವಿದೆ ಎಂಬ ಅರ್ಥವೂ ಇದರೊಳಗಿದೆ, ಡಿಕ್ಷನರಿಯವರು ಅದನ್ನು ಹಾಕಿಲ್ಲ ಅಷ್ಟೇ ಎಂದೂ ಸೇರಿಸಿದರು.

ಬಳಕೆಯ ವಿಷಯಕ್ಕೆ ಬಂದಾಗ ಪ್ರಶ್ನೆಗಳು ಮುಗಿಬಿದ್ದವು. ಮಾಂಸಕ್ಕೆ ಹೇಳಬಹುದು, ನೊಣದ ಕಲೆ ಬಿದ್ದ ಕನ್ನಡಿಗೆ, ಕೊಳಕು ಹೋಟೆಲಿಗೆ ಹೇಳಬಹುದು, ಕೆಟ್ಟ ಮಾತು ಅಂಟಿಕೊಂಡ ಹೆಸರಿಗೂ ಹೇಳುತ್ತಾರೆ ಎಂದು ಅವರು ವಿವರಿಸಿದರು. ಮಾವಿನಹಣ್ಣಿಗೆ ಬೇಡ ಎಂದರು. ಮನುಷ್ಯರಿಗೆ ಹೇಳಬಹುದಾ ಸಾರ್ ಎಂದು ಮೊದಲಿನ ಜಾಣನೇ ಕೇಳಿದ.

“ಮನುಷ್ಯನಿಗೆ ಬೇಡ ಕಣಪ್ಪಾ. ಮನುಷ್ಯನ ಹೆಸರಿಗೆ ಹೇಳು. ಅವೆರಡೂ ಬೇರೆ ಬೇರೆ.”

ಆಮೇಲೆ ಅವರು ಸುಮ್ಮನಾದರು. ಬೆಟ್ಟ ನೋಡುತ್ತಿದ್ದಾರೆಂದು ತಡಿಕೆಯ ಈಚೆಯಿಂದಲೇ ನನಗೆ ಗೊತ್ತಾಯಿತು.

ಅವತ್ತು ಸಂಜೆ ಬಸ್ ಸ್ಟಾಂಡಿನಲ್ಲಿ ಅವರು ನನ್ನನ್ನು ಹಿಡಿದುಕೊಂಡರು. ಮಾಗಡಿಗೆ ರೈಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಬಸ್ಸೇ ಗತಿ. ಅವರು ತಿಪ್ಪಸಂದ್ರದ ಬಸ್ಸು ಕಾಯಬೇಕು, ನಾನು ರಾಮನಗರದ್ದು. ಎರಡೂ ಬರುವ ಹೊತ್ತಿಗೆ ಬರುವ ಬಸ್ಸುಗಳಲ್ಲ. ಆ ಪದಕ್ಕೆ ಕನ್ನಡದಲ್ಲಿ ಒಂದೇ ಒಂದು ಪದ ಕೊಡಿ ಮೇಡಂ ಎಂದರು. ಇದೇನು ಮಹಾ ಎಂದುಕೊಂಡು, ಹುಳುಬಿದ್ದ ಎಂದೆ. ಅದು ಆಮೇಲಿನದು ಎಂದರು. ಕೊಳೆತ ಎಂದೆ. ಅದು ಅದಕ್ಕೂ ಆಮೇಲಿನದು ಎಂದರು. ನೊಣ ಕೂತ ಎಂದರೆ, ಎದುರಿನ ಅಂಗಡಿಯ ಬೋಂಡ ತೋರಿಸಿ ಅದರ ಮೇಲೂ ಕೂತಿದೆ ನೋಡಿ, ನಾವು ತಿನ್ನುವುದಿಲ್ಲವೇ ಎಂದರು. ನಾನು ಕನ್ನಡದವಳು, ಸೋಲೊಪ್ಪಿಕೊಳ್ಳಲು ಆಗುತ್ತದೆಯೇ? ಮರುದಿನ ಇನ್ನಷ್ಟು ಪದ ತಂದೆ. ಅವರು ಎಲ್ಲಕ್ಕೂ ಏನಾದರೊಂದು ಕೊಂಕು ತೆಗೆದರು. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ನಾನು ಬರೆಯುವುದು, ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡುವುದು, ಹೊಡೆದುಹಾಕುವುದು. ಆ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ.

ಆ ಸಂಜೆಗಳು ನನಗೆ ತುಂಬ ಬೇಕಾಗಿದ್ದವು. ಅದನ್ನು ಮುಚ್ಚಿಟ್ಟುಕೊಂಡು ಏನಾಗಬೇಕು? ಕನಕಪುರದ ಗಂಡನ ಮನೆ ಬಿಟ್ಟು ನಾನು ಅಮ್ಮನ ಜೊತೆ ರಾಮನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಕನಕಪುರದಲ್ಲಿ ನನಗೆ ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ನಾನು ಬಾಯಿ ತೆಗೆದರೆ ಗಂಡ ಟಿವಿಯ ಸೌಂಡು ಜಾಸ್ತಿ ಮಾಡುತ್ತಿದ್ದ, ಅಷ್ಟೇ. ಮದುವೆಯಾದಾಗಿನಿಂದ ಅದೇ. ಒಂದು ದಿನ ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಮಾತಾಡುತ್ತಿರುವುದು ನನಗೇ ಕೇಳಿಸಿ ಹೆದರಿಕೆಯಾಯಿತು. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟಿರುವ ಅಣ್ಣನಿಗೆ ಫೋನು ಮಾಡಿದೆ. ಅವನು ಒಂದೂ ಪ್ರಶ್ನೆ ಕೇಳದೆ ಅಂಗಡಿಯ ಗಾಡಿಯಲ್ಲೇ ಬಂದು ಕರೆದುಕೊಂಡು ಹೋದ. ಹಾಗಾಗಿ ಒಂದು ಪದಕ್ಕಾಗಿ ಸಂಜೆಯಿಡೀ ನನ್ನ ಮಾತು ಕೇಳಿ, ಅದಕ್ಕೆ ಎದುರು ಮಾತಾಡುವ ಒಬ್ಬ ಮನುಷ್ಯ ಸಿಕ್ಕಿದ್ದು ನನಗೆ ಹಬ್ಬವೇ ಆಗಿತ್ತು. ಅವರು ಇಬ್ಬರು ಬೆಳೆದ ಮಕ್ಕಳ ತಂದೆ, ನನಗಿಂತ ಬಹಳ ದೊಡ್ಡವರು. ಆ ಬೆಂಚಿನ ಮೇಲೆ ಬೇರೆ ಏನೂ ಇರಲಿಲ್ಲ.

ಆದರೆ ಯಾರೋ ಫೋಟೊ ತೆಗೆದರು. ಹಿಂದಿನಿಂದ ತೆಗೆದದ್ದು. ಒಂದೇ ಹಾಳೆಯ ಮೇಲೆ ಬಗ್ಗಿದ ಎರಡು ತಲೆ, ಸಂಜೆಯ ಬೆಳಕು, ನನ್ನ ಸೆರಗು. ಕೆಳಗೆ ಒಂದು ಕೆಂಪು ಹೃದಯ ಅಂಟಿಸಿದ್ದರು. ಹುಡುಗರ ಫೋನಿನಿಂದ ಹೊರಟು, ಡ್ರೈವರು ಕಂಡಕ್ಟರುಗಳ ಕೈ ದಾಟಿ, ಚನ್ನಪಟ್ಟಣದ ಬೊಂಬೆ ಅಂಗಡಿಗೂ ಅದು ತಲುಪಿತು. ಅಣ್ಣ ಫೋನು ಮಾಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನನ್ನು ಅಲ್ಲಿಂದ ಕರೆದುಕೊಂಡು ಬಂದವನು ನಾನು, ಈಗ ಅವರ ಮುಂದೆ ನನ್ನ ತಲೆ ತಗ್ಗಿಹೋಯಿತು ಎಂದ. ಕನಕಪುರದವರಿಗೂ ಫೋಟೊ ಹೋಗಿತ್ತು. ಈಗಲೇ ಬಂದರೆ ಸೇರಿಸಿಕೊಳ್ಳುತ್ತೇವೆ, ಇನ್ನೊಂದು ಮಾತು ಎದ್ದರೆ ಅದೂ ಇಲ್ಲ ಎಂದಿದ್ದರಂತೆ. ಮುಂದಿನ ವಾರ ಮಾಗಡಿಗೇ ಬರುತ್ತೇನೆ, ಕಾಲೇಜು ಬಿಟ್ಟ ಮೇಲೆ ಇಬ್ಬರೂ ನೇರವಾಗಿ ಕನಕಪುರಕ್ಕೆ ಹೋಗೋಣ, ಕೆಲಸದ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದು ಹೇಳಿ ಫೋನು ಇಟ್ಟ. ಆ ಟಿವಿಯ ಸದ್ದು ನನ್ನ ಕಿವಿಯಲ್ಲಿ ಮತ್ತೆ ಶುರುವಾಯಿತು.

ಮರುದಿನ ಕಾಲೇಜಿನ ವರಾಂಡದಲ್ಲಿ ಮೇಷ್ಟ್ರಿಗೆ ಫೋಟೊ ತೋರಿಸಿದೆ. ಅವರ ಹತ್ತಿರ ಇದ್ದದ್ದು ಬಟನ್ ಫೋನು, ಅವರು ಅದನ್ನು ನೋಡಿರಲಿಲ್ಲ. ತುಂಬ ಹೊತ್ತು ನೋಡಿ, ಹಾಳೆಯ ಮೇಲೆ ಏನು ಬರೆದಿದ್ದೇವೆ ಎನ್ನುವುದೇ ಕಾಣುವುದಿಲ್ಲವಲ್ಲ ಎಂದು ಕೊರಗಿದರು. ನನಗೆ ಕೋಪ ಬಂತು. ಅಣ್ಣ ಹೇಳಿದ್ದನ್ನೆಲ್ಲ ಹೇಳಿ, ಇನ್ನು ಮೇಲೆ ನಾನು ಆ ಬೆಂಚಿಗೆ ಬರುವುದಿಲ್ಲ, ದಯವಿಟ್ಟು ನನ್ನ ಜೊತೆ ಮಾತಾಡಬೇಡಿ ಎಂದೆ. ಅವರು ಬೇಡ ಎನ್ನುವಂತೆ ನಿಧಾನವಾಗಿ ತಲೆಯಾಡಿಸಿದರು. ಮುಚ್ಚಿಕೊಂಡ ಗಾಯಕ್ಕೇ ಮೇಡಂ ಅದು ಬೀಳುವುದು ಎಂದು ಏನೋ ಹೇಳತೊಡಗಿದರು. ನನ್ನ ಜೀವನ ಹೋಗುತ್ತಿರುವಾಗ ಕುರಿಯ ಮಾತು ತೆಗೆಯುತ್ತೀರಲ್ಲ ಎಂದು ನಾನು ಹೊರಟುಬಿಟ್ಟೆ.

ಅವತ್ತಿನಿಂದ ಬಸ್ ಸ್ಟಾಂಡಿನ ಮೂಲೆಯ ಸೈಕಲ್ ಸ್ಟಾಂಡಿನ ಹಿಂದೆ, ಮುರಿದ ತಗಡಿನ ನೆರಳಲ್ಲಿ ಕೂತು ಬಸ್ಸು ಕಾಯತೊಡಗಿದೆ. ಅಲ್ಲಿ ಬೆಳಕು ಬೇಗ ಹೋಗುತ್ತಿತ್ತು. ನಾನು ಮರೆಯಾದರೆ ಮಾತು ಸಾಯುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಜಗಳವಾಡಿದ್ದಾರೆ ಎಂದು ಕೆಲವರು, ಬೇರೆ ಕಡೆ ಸೇರುತ್ತಾರೆ ಎಂದು ಕೆಲವರು. ಬೋಂಡದ ಅಂಗಡಿಗೆ ಬಂದವರು ಒಮ್ಮೆ ಬೆಂಚಿನ ಕಡೆ ನೋಡುವರು, ಒಮ್ಮೆ ಸೈಕಲ್ ಸ್ಟಾಂಡಿನ ಕಡೆ ನೋಡುವರು. ಮೇಷ್ಟ್ರು ಒಬ್ಬರೇ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದರು. ಆ ತಗಡಿನ ಸಂದಿಯಿಂದ ಅವರು ಕನಸಿನೊಳಗಿನ ಮನುಷ್ಯನಂತೆ ದೂರದಲ್ಲಿ, ಸದ್ದಿಲ್ಲದೆ ಕಾಣುತ್ತಿದ್ದರು.

ಒಂದು ಸಂಜೆ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಸೈಕಲ್ ಸ್ಟಾಂಡಿನ ಹಿಂದಕ್ಕೆ ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಟ್ಟೆಯ ಗಂಟು, ಮೈಗೆ ಆ ಸ್ವೆಟರಿನದೇ ವಾಸನೆ. ಕನ್ನಡ ಮೇಡಮ್ಮು ನೀವೇನಾ ಎಂದು ಕೇಳಿದರು. ಮೇಷ್ಟ್ರ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಸಂತೆಯಲ್ಲಿ ಕುರಿ ಕೊಳ್ಳುವವರು ನೋಡುವ ಹಾಗೆ, ಆತುರವಿಲ್ಲದೆ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

“ಇಲ್ಲಿ ಕತ್ಲು ಕಣವ್ವಾ. ಅಲ್ ಬಂದು ಕುಂತ್ಕೊ.”

ನನ್ನ ಕೈ ಹಿಡಿದು ಎಲ್ಲರ ಕಣ್ಣೆದುರಿಗೇ ಬಸ್ ಸ್ಟಾಂಡಿನ ಉದ್ದಕ್ಕೂ ನಡೆಸಿಕೊಂಡು ಹೋದರು. ಬೆಂಚಿನ ಮೇಲೆ ಒಂದು ಕಡೆ ನಾನು, ನಡುವೆ ಅವರು, ಆ ಕಡೆ ಮೇಷ್ಟ್ರು. ಗಂಟು ಬಿಚ್ಚಿ ಬೇಯಿಸಿದ ಹುರುಳಿಕಾಳು ನನ್ನ ಕೈಗೆ ಹಾಕಿದರು. ಮರುದಿನವೂ ಬಂದರು. ಅದರ ಮರುದಿನವೂ. ಊರಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದು, ಗಂಡನ ಜೊತೆ ಸಂಜೆಯ ಬಸ್ಸಿಗೆ ವಾಪಸು. ಕುರಿಗಳನ್ನು ಓರಗಿತ್ತಿಗೆ ಒಪ್ಪಿಸಿ ಬರುತ್ತಿದ್ದರಂತೆ, ಓರಗಿತ್ತಿ ಮುಖ ಊದಿಸಿಕೊಂಡಿದ್ದಳಂತೆ.

ಅವರಿಗೆ ಯಾಕೆ ಈ ತೊಂದರೆ ಕೊಡುತ್ತೀರಿ ಎಂದು ಸ್ಟಾಫ್ ರೂಮಿನಲ್ಲಿ ಮೇಷ್ಟ್ರನ್ನು ಕೇಳಿದೆ. ನಾನು ಕರೆಯಲಿಲ್ಲ, ಅವಳೇ ಬಂದಳು ಎಂದರು. ಆಮೇಲೆ, ವರಾಂಡದಲ್ಲಿ ನಾನು ಕೇಳದೆ ಹೊರಟಿದ್ದ ಮಾತನ್ನು ಹೇಳಿದರು. ನೊಣ ಕೂತ ಕುರಿಗೆ ಮೊದಲು ಗಾಯದ ಸುತ್ತಲಿನ ಉಣ್ಣೆ ತೆಗೆದು ಬೆಳಕು ಬೀಳುವಂತೆ ಮಾಡಬೇಕು. ಸೀತಾಫಲದ ಸೊಪ್ಪು ಅರೆದು ಹಚ್ಚಬೇಕು.

“ಅದೆಲ್ಲ ಒಂದು ಗಳಿಗೆ ಕೆಲಸ ಮೇಡಂ. ಗಾಯ ಒಣಗೋವರ್ಗೂ ನೊಣ ಮತ್ತೆ ಮತ್ತೆ ಬತ್ತದೆ. ಒಂದು ಸೊಪ್ಪಿನ ಕಡ್ಡಿ ಹಿಡ್ಕೊಂಡು ಯಾರಾದ್ರೂ ಪಕ್ಕದಲ್ಲಿ ಕುಂತಿರಬೇಕು. ಕಷ್ಟ ಇರೋದು ಅದರಲ್ಲಿ.”

ಅಷ್ಟು ಹೇಳಿ ಅವರು ಉತ್ತರಪತ್ರಿಕೆ ತಿದ್ದಲು ಕೂತರು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಅತ್ತೆ.

ಅಣ್ಣ ಹೇಳಿದ್ದ ವಾರವೇ ಬಂದ. ಕಾಲೇಜಿಗೆ ಬರಲಿಲ್ಲ, ಬಸ್ ಸ್ಟಾಂಡಿಗೆ ಬಂದ. ಮೋಡ ಮುಚ್ಚಿ, ಬೆಳಕು ಹಳದಿಯಾಗಿ, ಜನರ ಮುಖವೆಲ್ಲ ನೀರಿನೊಳಗಿಂದ ನೋಡಿದಂತೆ ಕಾಣುತ್ತಿದ್ದ ಸಂಜೆ. ನಾವು ಮೂವರೂ ಬೆಂಚಿನ ಮೇಲಿದ್ದೆವು. ಅವನು ನನ್ನ ಮುಂದೆ ಬಂದು ನಿಂತ. ಮೇಷ್ಟ್ರ ಕಡೆ ತಿರುಗಿಯೂ ನೋಡದೆ, ಎದ್ದೇಳು ಹೋಗೋಣ ಎಂದ. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಮೇಷ್ಟ್ರ ಹೆಂಡತಿ ಸರಿದು ಜಾಗ ಮಾಡಿ, ಬನ್ನ್ರಣ್ಣಾ, ಬಸ್ ಬರಾಗಂಟ ಒಸಿ ಕುಂತ್ಕಳಿ ಎಂದರು. ಅವನು ಕೂರಲಿಲ್ಲ. ಜನ ಏನು ಮಾತಾಡುತ್ತಿದ್ದಾರೆ ಗೊತ್ತಾ ಸಾರ್ ನಿಮಗೆ ಎಂದು ಹಲ್ಲುಕಚ್ಚಿ, ಪಿಸುದನಿಯಲ್ಲಿ ಮೇಷ್ಟ್ರನ್ನು ಕೇಳಿದ.

ಮೇಷ್ಟ್ರು ಎದ್ದು ನಿಂತರು. ಅವರು ಕ್ಲಾಸಿನಲ್ಲಿ ಹಿಂದಿನ ಬೆಂಚಿಗೂ ಕೇಳುವಂತೆ ಮಾತಾಡುವ ದನಿ ಒಂದಿತ್ತು. ಅದರಲ್ಲಿ ಹೇಳಿದರು.

“ನಿಮ್ ತಂಗೀನ ನಾನು ಇಟ್ಕೊಂಡಿವ್ನಿ ಅಂತಾರೆ.”

ಬೋಂಡದ ಅಂಗಡಿಯಲ್ಲಿ ಎಣ್ಣೆಯ ಸದ್ದು ಮಾತ್ರ ಉಳಿಯಿತು. ಟೀ ಲೋಟಗಳು ನಡುದಾರಿಯಲ್ಲಿ ನಿಂತವು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

“ಇವ್ಳು ನನ್ನ ಎಂಡ್ರು. ಇವ್ಳ ಮುಂದೆನೇ ಹೇಳ್ತಾ ಇವ್ನಿ. ಪಿಸಿಪಿಸಿ ಅಂದ್ರೆ ಮಾತು ಬೆಳೀತದೆ, ಅದ್ಕೇ ಜೋರಾಗಿ ಹೇಳ್ದೆ. ಯಾರು ಏನ್ ಕಂಡಿದ್ರೂ ಈಗ ಇಲ್ಲೇ ಹೇಳ್ಲಿ. ನಾನೂ ಇವ್ನಿ, ಮೇಡಮ್ಮೂ ಅವ್ರೆ, ಅವ್ರ ಅಣ್ಣನೂ ಬಂದವ್ರೆ.”

ಅಣ್ಣನ ಮುಖ ಕೆಂಪಾಯಿತು. ಸುತ್ತ ಇದ್ದವರೆಲ್ಲ ಬೇರೆ ಬೇರೆ ಕಡೆ ನೋಡತೊಡಗಿದರು. ಕೊನೆಗೆ ಬೋಂಡದ ಅಂಗಡಿಯವನು ಜಾಲರಿ ಸೌಟು ಕೈಯಲ್ಲಿ ಹಿಡಿದೇ ಗಂಟಲು ಸರಿಮಾಡಿಕೊಂಡ. ನಿಜ ಹೇಳಬೇಕೆಂದರೆ ನಾವು ದಿನಾ ಜಗಳವಾಡುವುದನ್ನು ಮಾತ್ರ ತಾನು ಕಂಡಿರುವುದಾಗಿ, ಅದೂ ಯಾವುದೋ ನೊಣದ ವಿಷಯಕ್ಕೆಂದು, ತನ್ನ ಬೋಂಡದ ಮೇಲೆ ನೊಣ ಕೂರುತ್ತದೆಂದು ಮೇಷ್ಟ್ರು ನಾಲ್ಕು ಜನರ ಮುಂದೆ ಅಂದದ್ದು ತನಗೆ ಇನ್ನೂ ಬೇಜಾರೆಂದು ಹೇಳಿದ. ಯಾರೋ ಕಿಸಕ್ಕನೆ ನಕ್ಕರು. ಅಣ್ಣ ನಗಲಿಲ್ಲ. ಅವನು ಮೇಷ್ಟ್ರ ಹೆಂಡತಿಯನ್ನು ನೋಡುತ್ತಿದ್ದ. ಅವರು ನೆಲ ನೋಡುತ್ತ, ಯಾವ ಅವಸರವೂ ಇಲ್ಲದೆ ಮಾತಾಡಿದರು.

“ನಾನೂ ಆ ಪೋಟ ನೋಡ್ದೆ ಕಣಣ್ಣಾ. ನೋಡಿ ಒಂದಿನ ಉಣ್ನಿಲ್ಲ. ಇವ್ರ ಕೂಡೆ ಮಾತಾಡ್ನಿಲ್ಲ. ಆಮೇಕೆ ನಾನೇ ಹೋಗಿ ನೋಡ್ಬುಡಾನ ಅಂತ ಬಸ್ ಹತ್ತಿ ಬಂದ್ಬುಟ್ಟೆ. ಬಂದು ನೋಡುದ್ರೆ ಈವಮ್ಮ ಆ ತಗಡಿನ ಹಿಂದೆ ಒಬ್ಳೇ ಕುಂತವ್ಳೆ. ತಪ್ಪು ಮಾಡ್ದೋರ್ನ ಕಂಡಿವ್ನಿ ಕಣಣ್ಣಾ, ಅವ್ರು ಹಂಗೆ ಕುಂತ್ಕಳಕಿಲ್ಲ. ಅವ್ಳಿಗೆ ಪಕ್ಕದಲ್ಲಿ ಯಾರೂ ಇರ್ನಿಲ್ಲ, ಅಷ್ಟೇಯ. ಅದ್ಕೇ ನಾನು ಬಂದು ಕುಂತೆ.”

ಅಣ್ಣ ಕೂತ. ಬೆಂಚಿನ ಉಳಿದ ತುದಿಯಲ್ಲಿ, ಅರ್ಧ ಹೊರಗಿದ್ದ ಹಾಗೆ. ಮೇಷ್ಟ್ರ ಹೆಂಡತಿ ಅವನ ಕೈಗೂ ಹುರುಳಿಕಾಳು ಹಾಕಿದರು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ. ಮೇಷ್ಟ್ರು ಅವನ ಕಡೆ ಬಗ್ಗಿ, ಅಂಗಡಿಯ ಬೊಂಬೆಗೆ ಯಾವ ಮರ ಹಾಕುತ್ತೀರಿ, ಅದಕ್ಕೆ ಹುಳು ಬಂದರೆ ನಿಮ್ಮ ಕಡೆ ಏನನ್ನುತ್ತೀರಿ ಎಂದು ಕೇಳಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಣ್ಣ ಒಂದು ಕ್ಷಣ ಅವರನ್ನೇ ದಿಟ್ಟಿಸಿ ನೋಡಿದ. ಆಮೇಲೆ, ಆಲೆ ಮರ ಸಾರ್, ಚೆನ್ನಾಗಿ ಒಣಗಿಸದೆ ಹಾಕಿದರೆ ಹುಳು ಬರುತ್ತದೆ ಎಂದು ಮೆಲ್ಲಗೆ ಹೇಳಿದ.

ರಾಮನಗರದ ಬಸ್ಸು ಬಂತು. ಮೇಷ್ಟ್ರ ಹೆಂಡತಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಸೆರಗು ಒಳಗೆ ಸರಿಸಿ, ಇಳಿದು ಹೋದರು. ಈ ಬಸ್ಸು ರಾಮನಗರಕ್ಕೆ ಹೋಗುತ್ತದೆ, ಅಲ್ಲಿಂದ ಕನಕಪುರಕ್ಕೆ ಇನ್ನೊಂದು ಬಸ್ಸು, ಅಣ್ಣ ಏನು ನಿರ್ಧಾರ ಮಾಡಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಬಸ್ಸು ತಿರುಗುವಾಗ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೇ ಕೂತಿರುವುದು ಕಂಡಿತು. ಮೇಷ್ಟ್ರ ಕಣ್ಣು ಮತ್ತೆ ಅರ್ಧ ಮುಚ್ಚಿತ್ತು.

ದಾರಿಯಲ್ಲಿ ಮಳೆ ಶುರುವಾಯಿತು. ಗಾಜಿನ ಮೇಲೆ ನೀರು ಇಳಿದು, ಆಚೆಯ ಬಂಡೆಗಳು, ಮಾವಿನ ತೋಪುಗಳು ಕರಗುತ್ತ ಹಿಂದಕ್ಕೆ ಹೋದವು. ಅಣ್ಣ ಪಕ್ಕದಲ್ಲಿ ಕೂತಿದ್ದ. ಕಾಳು ಹಿಡಿದ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ನಾನು ಕಣ್ಣು ಮುಚ್ಚಿದರೆ ಕನಕಪುರದ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತಿತ್ತು, ಗೋಡೆಯ ಮೇಲಿನ ಟಿವಿ, ಅದರ ನೀಲಿ ಬೆಳಕಿನಲ್ಲಿ ಒಂದು ಹಿಂದಲೆ. ಕಣ್ಣು ತೆರೆದರೆ ಮಳೆ. ಏನಾದರೂ ಹೇಳು ಎಂದು ಅವನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ರಾಮನಗರದ ಬಸ್ ಸ್ಟಾಂಡಿನಲ್ಲಿ ಇಳಿದಾಗ ಕನಕಪುರದ ಬಸ್ಸು ಎದುರಿಗೇ ನಿಂತಿತ್ತು. ಇಂಜಿನ್ನು ಗುಡುಗುಡು ಅನ್ನುತ್ತಿತ್ತು, ಕಂಡಕ್ಟರು ಬಾಗಿಲಲ್ಲಿ ನಿಂತು ಕನಕಪುರ, ಕನಕಪುರ ಎಂದು ಕೂಗುತ್ತಿದ್ದ. ಒಳಗೆ ಎರಡು ಸೀಟು ಖಾಲಿಯಿರುವುದು ಹೊರಗಿನಿಂದಲೇ ಕಾಣುತ್ತಿತ್ತು. ಅಣ್ಣ ಮಳೆಯಲ್ಲಿ ನಿಂತು ಆ ಬಸ್ಸನ್ನು ನೋಡಿದ. ನಾನು ಅವನ ಮುಖ ನೋಡಿದೆ. ಕಂಡಕ್ಟರು ನಮ್ಮ ಕಡೆ ಕೈಮಾಡಿ, ಬರೋದಾದರೆ ಬನ್ನಿ ಎಂದ.

ಅಣ್ಣ ಮುಷ್ಟಿ ಬಿಚ್ಚಿ ಕಾಳನ್ನೆಲ್ಲ ಒಮ್ಮೆಗೇ ಬಾಯಿಗೆ ಹಾಕಿಕೊಂಡ. ಅಗಿಯುತ್ತಲೇ ನನ್ನ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡು ಹೇಳಿದ.

“ಅಮ್ಮ ಕಾಯ್ತಾ ಇರ್ತಾಳೆ. ಮನೇಗ್ ನಡಿ.”